ಕೆಡಹುವ ಮುಂಚೆ ಮಾಳಿಗೆ ಹತ್ತಿ ನೋಡಿ

ಪ್ರಶ್ನೆ: ಅಣ್ಣಿಗೇರಿ ಹತ್ತಿರದ ನಮ್ಮೂರಲ್ಲಿ ಅಜ್ಜ ಕಟ್ಟಿಸಿದ ಮಾಳಿಗೆ ಮನೆ, ಅಂದರೆ ಮೇಲೆ ಮಣ್ಣು ಹಾಸಿದ ಸಮತಟ್ಟು ಚಾವಣಿಯ ಮನೆ ಇದೆ. ಮಣ್ಣಿನ ಗೋಡೆ, ಸಾಗವಾನಿ ಕಂಬ, ಮಾಳಿಗೆಯಲ್ಲಿ ಬೆಳಕಿಂಡಿ, ಒಳಗೇ ದನ ಕಟ್ಟುವ ಜಾಗ, ನಡುವೆ ಕಾಳು ತುಂಬಿಡುವ ನೆಲಗುಂಡಿ, ಒಂದು ಹಗೇವು. ಅಪ್ಪ ತೀರಿಕೊಂಡ ಮೇಲೆ ಅವ್ವ ಒಬ್ಬಳೇ ಇದ್ದಾಳೆ. ಎರಡು ಮಳೆಗಾಲದಿಂದ ಪಡಸಾಲೆ ಸೋರುತ್ತಿದೆ, ಬೀದಿ ಕಡೆಯ ಗೋಡೆ ಬುಡದಲ್ಲಿ ಉದುರುತ್ತಿದೆ. ಎಲ್ಲ ಕೆಡವಿ ಆರ್‌ಸಿಸಿ ಮನೆ ಕಟ್ಟೋಣ ಎಂದು ತಮ್ಮ ಹಟ ಹಿಡಿದಿದ್ದಾನೆ. ಗುತ್ತಿಗೆದಾರರೊಬ್ಬರು ಬಂದು, ಗೋಡೆ ಹಾಗೇ ಇಟ್ಟು ಮೇಲೆ ಸ್ಲ್ಯಾಬ್ ಹಾಕಿಕೊಡುತ್ತೇನೆ, ಹಗೇವಿಗೆ ಗಾಜು ಮುಚ್ಚಿ ಒಳಗೆ ಲೈಟ್ ಬಿಟ್ಟರೆ ನೋಡಿದವರು ಬೆರಗಾಗುತ್ತಾರೆ ಅಂದರು. ಅವ್ವ ಮಾತ್ರ "ನಾ ಇರೂತನಾ ಕಂಬಕ್ಕ ಕೈ ಹಚ್ಚಬ್ಯಾಡ್ರಿ" ಅಂತಾಳೆ. ಹುಬ್ಬಳ್ಳಿಯಲ್ಲಿ ಬಾಡಿಗೆ ಮನೆಯಲ್ಲಿರುವ ನನಗೆ ನಿವೃತ್ತಿಯಾದ ಮೇಲೆ ಅಲ್ಲಿಗೇ ಹೋಗಿ ಇರುವ ಆಸೆ. ತಂಗಿ ಮದುವೆಯಾಗಿ ಹಾವೇರಿಯಲ್ಲಿದ್ದಾಳೆ. ಮನೆಯ ಫೋಟೋಗಳನ್ನೂ ಉಳಿದ ವಿವರಗಳನ್ನೂ ಜೊತೆಗೆ ಕಳಿಸಿದ್ದೇನೆ. ಏನು ಮಾಡಲಿ? ಉಳಿಸಿಕೊಂಡರೆ ಒಳಗೆ ಹೇಗೆ ಚೆಂದ ಮಾಡಲಿ?

ಉತ್ತರ: ಮುಂದಿನ ಭಾಗಕ್ಕೆ ಹಾರೆ ಹಾಕಿಸಬೇಡಿ. ಹಿತ್ತಲ ಕಡೆಯ ಮುರುಕು ಕೋಣೆಗಳನ್ನು ನಿಮ್ಮ ತಮ್ಮ ಬೇಕಾದರೆ ತೆಗೆಸಲಿ, ಅಲ್ಲಿ ಅವರಿಗೆ ಬೇಕಾದ ಆರ್‌ಸಿಸಿಯನ್ನೂ ಕಟ್ಟಬಹುದು. ಪಡಸಾಲೆ, ನಡುಮನೆ, ಆ ಎಂಟು ಕಂಬಗಳು ಮಾತ್ರ ಇನ್ನೂ ಬಹಳ ವರ್ಷ ಬಾಳುವಂತೆ ಕಾಣುತ್ತವೆ. ನಾನು ಫೋಟೋ ನೋಡಿ ಹೇಳುತ್ತಿದ್ದೇನೆ, ಆದ್ದರಿಂದ ನೀವೇ ಮಾಡಿ ನೋಡಬೇಕಾದ ಪರೀಕ್ಷೆಗಳನ್ನು ಮುಂದೆ ಬರೆದಿದ್ದೇನೆ. ಅವುಗಳಲ್ಲಿ ಕಂಬಗಳು ದುರಸ್ತಿಯಾಗದಷ್ಟು ಸೋತರೆ ನನ್ನ ಮಾತು ಬಿಟ್ಟುಬಿಡಿ.

ನಿಮ್ಮ ಫೋಟೋಗಳಲ್ಲಿ ನಾನು ಬಹಳ ಹೊತ್ತು ನೋಡಿದ್ದು ಬೀದಿಯಿಂದ ತೆಗೆದ ಹರನಾಳಿಗೆಯ ಚಿತ್ರ. ಮಾಳಿಗೆಯ ನೀರು ಹೊರಗೆ ಬೀಳುವ ಆ ಕಲ್ಲಿನ ದೋಣಿ ಮಾಳಿಗೆಯ ಮಣ್ಣಿಗಿಂತ ತುಸು ಕೆಳಗಿರಬೇಕು. ನಿಮ್ಮಲ್ಲಿ ಅದರ ಬಾಯಿ ಮುಕ್ಕಾಲು ಹೂತು ಹೋಗಿದೆ, ಮೇಲೆ ಇನ್ನೂ ಒಂದು ಗೇಣು ಮಣ್ಣಿದೆ. ಇಡೀ ಮನೆಯ ರೋಗ ಆ ಒಂದು ಚಿತ್ರದಲ್ಲಿದೆ. ಅಜ್ಜ ಕಟ್ಟಿಸಿದಾಗ ಮಾಳಿಗೆಯ ಮಣ್ಣು ಒಂದಡಿಯ ಒಳಗೇ ಇತ್ತು. ಆಮೇಲೆ ಪ್ರತಿ ವರ್ಷ ಮಿರಗ (ಮೃಗಶಿರ ಮಳೆ) ಕೂಡುವ ಮುಂಚೆ ನಾಲ್ಕು ಬುಟ್ಟಿ, ಸೋರಿದ ವರ್ಷ ಹತ್ತು ಬುಟ್ಟಿ ಮಣ್ಣು ಏರಿಸುತ್ತಾ ಬಂದರು, ಹಳೆಯದನ್ನು ಯಾರೂ ಇಳಿಸಲಿಲ್ಲ. ಮಣ್ಣು ಏರಿದಂತೆ ಹರನಾಳಿಗೆ ಹೂತಿತು, ನೀರಿಗೆ ಹೋಗಲು ದಾರಿ ಇಲ್ಲದೆ ಮೇಲೆಯೇ ನಿಂತು ಒಳಗಿಳಿಯಿತು. ಸೋರಿತೆಂದು ಮತ್ತೆ ಮಣ್ಣು ಹಾಕಿದರು.

ತೂಕ ಎಷ್ಟೆಂದು ಲೆಕ್ಕ ಹಾಕೋಣ. ಹತ್ತಡಿಗೆ ಹತ್ತಡಿಯ ಒಂದು ಅಂಕಣದ (ನಾಲ್ಕು ಕಂಬಗಳ ನಡುವಿನ ಜಾಗದ) ಮೇಲೆ ಒಂದೂವರೆ ಅಡಿ ಮಣ್ಣಿದ್ದರೆ ಅದರ ಭಾರ ಸುಮಾರು 7 ಟನ್, ಅದೂ ಒಣಗಿದ್ದಾಗ. ಮಳೆಯಲ್ಲಿ ನೆನೆದರೆ ಇನ್ನೂ ಏರುತ್ತದೆ. ಅಷ್ಟೇ ಜಾಗಕ್ಕೆ ಐದು ಇಂಚಿನ ಕಾಂಕ್ರೀಟ್ ಸ್ಲ್ಯಾಬ್ ಹಾಕಿದರೆ ಮೂರು ಟನ್ನಿಗಿಂತ ತುಸು ಕಡಿಮೆ. ಅಂದರೆ ನಿಮ್ಮ ಸಾಗವಾನಿ ಕಂಬ, ತೊಲೆ, ಜಂತಿಗಳು ಸ್ಲ್ಯಾಬಿನ ಎರಡು ಪಟ್ಟಿಗೂ ಹೆಚ್ಚು ಭಾರವನ್ನು ಇಷ್ಟು ವರ್ಷ ತಾಳಿಕೊಂಡು ಬಂದಿವೆ. ನಡುಮನೆಯ ತೊಲೆ ಒಂದಿಷ್ಟು ಬಾಗಿದೆ ಎಂದು ಬರೆದಿದ್ದೀರಿ. ಅದು ಬಾಗದಿದ್ದರೆ ನನಗೆ ಆಶ್ಚರ್ಯವಾಗುತ್ತಿತ್ತು.

ಹಾಗಾದರೆ ಹಗುರವಾದ ಸ್ಲ್ಯಾಬ್ ಹಾಕಿಸಿದರೆ ತಪ್ಪೇನು ಎಂದು ನಿಮ್ಮ ತಮ್ಮ ಕೇಳುತ್ತಾರೆ, ಕೇಳಬೇಕು. ತೊಂದರೆ ಇರುವುದು ಅಲುಗಾಟದಲ್ಲಿ ಮತ್ತು ನೀರಿನಲ್ಲಿ. ಕಾಂಕ್ರೀಟ್ ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಕೆಳಗೆ ಇಟ್ಟಂಗಿ ಗೋಡೆಯೋ ಕಾಂಕ್ರೀಟ್ ತೊಲೆಯೋ ಇದ್ದರೆ ತಡೆದುಕೊಳ್ಳುತ್ತದೆ, ಮಣ್ಣಿನ ಗೋಡೆಯ ತಲೆಯನ್ನು ಅದು ದಿನವೂ ಉಜ್ಜಿ ಉಜ್ಜಿ ಪುಡಿ ಮಾಡುತ್ತದೆ. ಸ್ಲ್ಯಾಬ್ ಹಾಕುವಾಗ ಸುರಿಯುವ ನೀರು, ಆಮೇಲೆ ವಾರಗಟ್ಟಲೆ ನಿಲ್ಲಿಸುವ ನೀರು ಇಳಿಯುವುದೂ ಆ ಗೋಡೆಗೇ. ಕಟ್ಟಿಗೆಯ ಚೌಕಟ್ಟು ಭಾರ ಹೆಚ್ಚಾದರೆ ಬಾಗುತ್ತದೆ, ಕಿರ್ರೆನ್ನುತ್ತದೆ, ಎಚ್ಚರಿಸಿ ಸಮಯ ಕೊಡುತ್ತದೆ. ಮಣ್ಣಿನ ಗೋಡೆ ಮೇಲಿನ ಸ್ಲ್ಯಾಬ್ ಎಚ್ಚರಿಸುವುದಿಲ್ಲ. ಆ ಗುತ್ತಿಗೆದಾರರ ಈ ಸಲಹೆಯನ್ನು ಯಾವ ಕಾರಣಕ್ಕೂ ಒಪ್ಪಬೇಡಿ. ನೀವು ಬರೆದಿರುವ ಮೂರು ದಾರಿಗಳಲ್ಲಿ ಜೀವಕ್ಕೆ ಅಪಾಯವಿರುವುದು ಇದೊಂದರಲ್ಲೇ.

ಹಿರಿಯರು ಮಾಳಿಗೆಗೆ ಹಾಕುತ್ತಿದ್ದ ಮಣ್ಣು ಯಾವುದು ಎಂದು ಅವ್ವನನ್ನು ಕೇಳಿ. ಸವಳು ಮಣ್ಣು ಅನ್ನುತ್ತಾರೆ. ಹಳ್ಳದ ದಂಡೆಯಲ್ಲಿ, ಬೆಳೆ ಬಾರದ ಹೊಲದಲ್ಲಿ ಬೆಳ್ಳಗೆ ಉಬ್ಬಿ ಕಾಣುವ ಉಪ್ಪು ಮಣ್ಣು. ಅದರಲ್ಲಿ ಸೋಡಿಯಂ ಹೆಚ್ಚು. ನೀರು ತಾಗಿದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಚೆದುರಿ ಸಣ್ಣ ಸಣ್ಣ ರಂಧ್ರಗಳಲ್ಲಿ ಹೋಗಿ ಕೂತು ಮೇಲ್ಪದರವನ್ನು ಮುಚ್ಚಿಬಿಡುತ್ತವೆ, ಮುಂದಿನ ನೀರು ಒಳಗೆ ಇಳಿಯದೆ ಹರಿದು ಹೋಗುತ್ತದೆ. ಅದರಲ್ಲಿ ಹುಲ್ಲು ಹುಟ್ಟುವುದಿಲ್ಲ, ಆದ್ದರಿಂದ ಬೇರು ಇಳಿದು ಸೀಳು ಮಾಡುವ ಭಯವೂ ಇಲ್ಲ. ರೈತ ಬೈದುಕೊಳ್ಳುವ ಮಣ್ಣಿನ ಅದೇ ದೋಷವನ್ನು ತಂದು ಮಾಳಿಗೆಯ ಮೇಲೆ ಗುಣವಾಗಿ ಮಾಡಿಕೊಂಡ ಜನರ ಬುದ್ಧಿಗೆ ನಾನು ಇಪ್ಪತ್ತೈದು ವರ್ಷದಿಂದ ಕೈ ಮುಗಿಯುತ್ತಾ ಬಂದಿದ್ದೇನೆ. ಈಚೆಗೆ ಸವಳು ತರುವವರಿಲ್ಲದೆ ಹೊಲದ ಕಪ್ಪು ಎರೆಮಣ್ಣನ್ನೇ ಹಾಕುತ್ತಾರೆ. ಎರೆ ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ, ಮೊದಲ ಮಳೆ ನೇರ ಆ ಬಾಯಿಗೆ ಬೀಳುತ್ತದೆ. ನಿಮ್ಮ ಮಾಳಿಗೆಯ ಫೋಟೋದಲ್ಲಿ ಕಪ್ಪು ಮಣ್ಣೂ ಅದರಲ್ಲಿ ಬೆರಳು ಹೋಗುವಷ್ಟು ಬಿರುಕೂ ಕಾಣುತ್ತಿವೆ.

ಈಗ ಪರೀಕ್ಷೆಗೆ ಬನ್ನಿ. ಕಂಬವನ್ನು ನಡುವೆ ನೋಡಿ ಪ್ರಯೋಜನವಿಲ್ಲ, ಅದು ಯಾವಾಗಲೂ ಗಟ್ಟಿಯಾಗಿಯೇ ಕಾಣುತ್ತದೆ. ಬುಡದಲ್ಲಿ, ಅಡಿಗಲ್ಲಿನ ಮೇಲೆ ಕೂರುವ ನಾಲ್ಕು ಬೆರಳಿನ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ ನೋಡಿ. ಅರ್ಧ ಇಂಚಿನ ಒಳಗೆ ನಿಂತರೆ ಚಿಂತೆಯಿಲ್ಲ, ಬೆಣ್ಣೆಗೆ ಇಳಿದಂತೆ ಇಳಿದರೆ ಬಡಿಗರನ್ನು ಕರೆಸಬೇಕು. ತೊಲೆಗಳಲ್ಲಿ ಗೋಡೆಯೊಳಗೆ ಹೋಗುವ ತುದಿಯನ್ನು ನೋಡಿ. ಕೊಳೆಯುವುದು, ಒರಲೆ ಹತ್ತುವುದು ಎರಡೂ ಅಲ್ಲಿಂದಲೇ ಶುರು. ಸುತ್ತಿಗೆಯಿಂದ ಮೆಲ್ಲಗೆ ಬಡಿಯುತ್ತಾ ಹೋದರೆ ಗಟ್ಟಿ ಕಟ್ಟಿಗೆಯ ದನಿಯೂ ಟೊಳ್ಳು ಕಟ್ಟಿಗೆಯ ದನಿಯೂ ಯಾರಿಗಾದರೂ ತಿಳಿಯುತ್ತವೆ. ಜಂತಿಗಳು ಬೇವಿನದೋ ಜಾಲಿಯದೋ ಇರುತ್ತವೆ, ಹತ್ತರಲ್ಲಿ ಎರಡು ಮೂರು ಹೋಗಿರುವುದು ಸಹಜ, ಬದಲಿಸುವುದೂ ಸುಲಭ. ಬುಡ ಕೊಳೆತ ಕಂಬವನ್ನೂ ಎಸೆಯಬೇಕಿಲ್ಲ. ತೊಲೆಗೆ ಜಾಕಿ ಕೊಟ್ಟು, ಕೊಳೆತ ಒಂದಡಿ ಕೊಯ್ದು, ಅಡಿಗಲ್ಲನ್ನು ಅಷ್ಟು ಎತ್ತರಿಸಿ ಕೂರಿಸಬಹುದು. ಧಾರವಾಡದ ಮಾಳಮಡ್ಡಿಯ ಹಳೆಯ ಮನೆಯೊಂದರಲ್ಲಿ ಹೀಗೆ ಆರು ಕಂಬ ಉಳಿಸಿದ್ದೇವೆ.

ಗೋಡೆಯ ಬಿರುಕುಗಳಿಗೆ ಇನ್ನೊಂದು ಉಪಾಯ. ಬಿರುಕಿಗೆ ಅಡ್ಡವಾಗಿ ಎರಡು ಬೆರಳಗಲ ಸುಣ್ಣದ ಪಟ್ಟಿ ಹಚ್ಚಿ, ಪಕ್ಕದಲ್ಲಿ ಪೆನ್ಸಿಲಿನಲ್ಲಿ ತಾರೀಖು ಬರೆಯಿರಿ. ಮೇ ತಿಂಗಳಲ್ಲಿ ಹಚ್ಚಿದ್ದು ಸೆಪ್ಟೆಂಬರಿನಲ್ಲಿ ಸೀಳಿದ್ದರೆ ಕೆಳಗಿನ ಎರೆ ಮನೆಯನ್ನು ಎತ್ತಿ ಇಳಿಸುತ್ತಿದೆ ಎಂದರ್ಥ. ಹಾಗೇ ಉಳಿದಿದ್ದರೆ ಅದು ಹಳೆಯ ಗಾಯ, ಮಾಗಿದೆ.

ಇಲ್ಲಿ ಒಂದು ಮಾತು ಕಡ್ಡಾಯವಾಗಿ ಹೇಳಬೇಕು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ನರಗುಂದ, ರೋಣ ತಾಲ್ಲೂಕಿನ ಊರುಗಳಲ್ಲಿ ಮಣ್ಣಿನ ಮನೆಗಳು ಸಾಲು ಸಾಲಾಗಿ ಬಿದ್ದವು. ಮಣ್ಣಿನ ಗೋಡೆ ಮೇಲಿಂದ ಬೀಳುವ ಮಳೆಗೆ ತಡೆಯುತ್ತದೆ, ಬುಡದಲ್ಲಿ ದಿನಗಟ್ಟಲೆ ನಿಂತ ನೀರಿಗೆ ತಡೆಯುವುದಿಲ್ಲ. ಬೆಣ್ಣಿಹಳ್ಳವೋ ಊರ ಪಕ್ಕದ ಇನ್ನಾವುದೋ ಹಳ್ಳವೋ ನಿಮ್ಮ ಓಣಿಗೆ ಒಮ್ಮೆಯಾದರೂ ನುಗ್ಗಿದ್ದರೆ ಈ ಉತ್ತರ ನಿಮಗಲ್ಲ. ಆಗ ಕಂಬ, ತೊಲೆ, ಬಾಗಿಲುಗಳನ್ನು ಬಿಚ್ಚಿಟ್ಟುಕೊಂಡು, ಎತ್ತರದ ಪಾಯದ ಮೇಲೆ ಹೊಸ ಮನೆ ಕಟ್ಟಿ ಅವನ್ನು ಅಲ್ಲಿ ನಿಲ್ಲಿಸಿ. ಅವ್ವನ ಮಾತನ್ನೂ ಅಷ್ಟರಮಟ್ಟಿಗೆ ನಡೆಸಿದಂತಾಗುತ್ತದೆ.

ನಿಮ್ಮ ಓಣಿ ದಿನ್ನೆಯ ಮೇಲಿದೆ ಎಂದುಕೊಂಡು ಮುಂದುವರಿಯುತ್ತೇನೆ. ಬೀದಿ ಕಡೆಯ ಗೋಡೆ ಬುಡದಲ್ಲಿ ಉದುರುವುದಕ್ಕೆ ಕಾರಣ ಬೀದಿಯಲ್ಲಿದೆ. ಕಾಂಕ್ರೀಟ್ ರಸ್ತೆ ಮಾಡುವಾಗ ಹಳೆಯದನ್ನು ಕೀಳದೆ ಮೇಲೆ ಮೇಲೆ ಹಾಕಿದ್ದಾರೆ. ಕಟ್ಟೆಗೆ ಮೂರು ಮೆಟ್ಟಿಲಿದ್ದವು, ಈಗ ಒಂದೂವರೆ ಉಳಿದಿದೆ ಎಂದು ನೀವೇ ಬರೆದಿದ್ದೀರಿ. ಓಣಿಯ ನೀರು ನಿಮ್ಮ ಗೋಡೆಗೆ ಒರಗಿಕೊಂಡು ಹೋಗುತ್ತಿದೆ. ಗೋಡೆಯ ಗುಂಟ ಒಂದು ಗಟಾರು ತೆಗೆಸಿ, ಗೋಡೆಗೂ ಗಟಾರಿಗೂ ನಡುವೆ ಹೊರಗೆ ಇಳಿಜಾರಾದ ಹಾಸುಗಲ್ಲು ಹಾಕಿಸಿ. ಹಿತ್ತಲ ಕಡೆ ಮೂರಡಿ ಅಗಲಕ್ಕೆ ಇದನ್ನೇ ಮಾಡಿ. ಉದುರಿದ ಬುಡವನ್ನು ಕಲ್ಲು ಮತ್ತು ಸುಣ್ಣದ ಗಾರೆಯಿಂದ ಒಂದೊಂದೇ ಗಜ ಬಿಡಿಸಿ ಕಟ್ಟಬೇಕು, ಒಮ್ಮೆಗೇ ಇಡೀ ಗೋಡೆಯ ಬುಡ ಬಿಚ್ಚಬಾರದು.

ಸಿಮೆಂಟ್ ಗಿಲಾಯಿ (ಪ್ಲಾಸ್ಟರ್) ಮಾತ್ರ ಬೇಡ. ಇದನ್ನು ನಾನು ಒಂದು ಮನೆಯನ್ನು ಕೆಡಿಸಿ ಕಲಿತೆ. ಕೆಲಸಕ್ಕೆ ಬಂದ ಮೂರನೆಯ ವರ್ಷ, ಸವಣೂರು ಕಡೆಯ ಹಳ್ಳಿಯಲ್ಲಿ ಅಜ್ಜಿಯೊಬ್ಬರ ಮಣ್ಣಿನ ಗೋಡೆಗೆ ಗಟ್ಟಿಯಾಗಲಿ ಎಂದು ಒಳಗೂ ಹೊರಗೂ ಸಿಮೆಂಟ್ ಹಚ್ಚಿಸಿದೆ. ಎರಡು ವರ್ಷ ಎಲ್ಲರೂ ಹೊಗಳಿದರು. ಮೂರನೆಯ ಮಳೆಗಾಲದಲ್ಲಿ ಹೊರಗಿನ ಪದರ ಹಲಗೆ ಹಲಗೆಯಾಗಿ ಕಳಚಿ ಬಿತ್ತು, ಪ್ರತಿ ಹಲಗೆಯ ಬೆನ್ನಿಗೂ ನಾಲ್ಕು ಬೆರಳು ಮಣ್ಣು ಅಂಟಿಕೊಂಡು ಬಂದಿತ್ತು. ಮಣ್ಣಿನ ಗೋಡೆ ನೆಲದ ತಂಪನ್ನು ಹೀರಿ ಮೈಯಿಂದ ಹೊರಗೆ ಬಿಡುತ್ತಿರುತ್ತದೆ. ಸಿಮೆಂಟ್ ಆ ಉಸಿರನ್ನು ಕಟ್ಟಿತು, ತೇವ ಒಳಗೇ ಉಳಿದು ಗೋಡೆ ಮೆತ್ತಗಾಯಿತು. ಆ ಅಜ್ಜಿ ನನ್ನನ್ನು ಬಯ್ಯಲಿಲ್ಲ, "ಮೊದಲ ಚೊಲೋ ಇತ್ತಲ್ಲೋ ತಮ್ಮಾ" ಅಂದರು. ಆ ಮಾತು ಇನ್ನೂ ಕಿವಿಯಲ್ಲಿದೆ. ಮಣ್ಣಿಗೆ ಮಣ್ಣು, ಇಲ್ಲವೇ ಸುಣ್ಣ. ಹೊಟ್ಟು ಕಲಸಿ ವಾರ ಕೊಳೆಸಿದ ಮಣ್ಣಿನ ಗಿಲಾಯಿ, ಅದರ ಮೇಲೆ ಅರಳಿಸಿದ ಸುಣ್ಣ. ಬಣ್ಣದ ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ ಪೇಂಟೂ ಸಿಮೆಂಟಿನ ತಮ್ಮನೇ, ಅದೂ ಬೇಡ.

ಮಾಳಿಗೆಗೆ ನಾನು ಹೇಳುವುದು ಇಷ್ಟು. ದೀಪಾವಳಿ ಕಳೆದ ಮೇಲೆ ಮಣ್ಣು ಇಳಿಸಲು ಶುರು ಮಾಡಿ. ಒಂದೇ ಬದಿಯಿಂದ ಇಳಿಸಿದರೆ ಚೌಕಟ್ಟು ವಾಲುತ್ತದೆ, ಎರಡೂ ಬದಿಯಿಂದ ಸಮ ಸಮ ಇಳಿಸಬೇಕು, ಕೆಳಗೆ ತೊಲೆಗಳಿಗೆ ಆಸರೆ ಕೊಟ್ಟಿರಬೇಕು. ಜಂತಿಗಳ ಮೇಲೆ ಹಾಸಿರುವ ಸೊಪ್ಪಿನ ಪದರದವರೆಗೆ ತೆಗೆದು, ಕೆಟ್ಟ ಜಂತಿ ಬದಲಿಸಿ, ಆರು ಇಂಚು ಮಣ್ಣನ್ನಷ್ಟೇ ತಿರುಗಿ ಹಾಕಿ ಬಡಿಯಿರಿ. ಆಗ ಅಂಕಣಕ್ಕೆ 7 ಟನ್ನಿನ ಬದಲು ಎರಡೂವರೆ ಟನ್ ಬೀಳುತ್ತದೆ. ಅದರ ಮೇಲೆ ಎರಡು ಮೂರು ಅಡಿ ಎತ್ತರಕ್ಕೆ ಕಬ್ಬಿಣದ ಪೈಪಿನ ಮೇಲೆ ತಗಡಿನ ಇಳಿಜಾರು ಚಾವಣಿ, ಗೋಡೆಯಿಂದ ಎರಡಡಿ ಹೊರಗೆ ಬರುವಂತೆ. ಪೈಪುಗಳು ಕಂಬಗಳ ನೆತ್ತಿಗೆ ಸರಿಯಾಗಿ ಕೂರಬೇಕು, ಗೋಡೆಯ ಅಂಚಿಗಲ್ಲ. ಗಾಳಿಗೆ ಹಾರದಂತೆ ತೊಲೆಗೆ ಬಿಗಿದಿರಬೇಕು. ತಗಡು ಕಾದರೂ ನಡುವಿನ ಗಾಳಿ ಬಿಸಿಯನ್ನು ಒಯ್ಯುತ್ತದೆ, ಮಳೆಯ ಸದ್ದನ್ನು ಮಣ್ಣು ನುಂಗುತ್ತದೆ, 38 ಡಿಗ್ರಿ ಬಿಸಿಲಿನ ಮಧ್ಯಾಹ್ನದಲ್ಲೂ ಪಡಸಾಲೆ ತಂಪಾಗಿರುತ್ತದೆ. ಬೀದಿಯಿಂದ ತಗಡು ಚೆಂದ ಕಾಣುವುದಿಲ್ಲ ಎಂದು ನನ್ನ ಕಿರಿಯ ಸಹೋದ್ಯೋಗಿಗಳು ವಾದಿಸುತ್ತಾರೆ. ಗೋಡೆ ಒಣಗಿರುವುದೇ ನನ್ನ ಕಣ್ಣಿಗೆ ಚೆಂದ. ಹಂಚು ಹಾಕುವ ಶಕ್ತಿ ಇದ್ದರೆ ಇನ್ನೂ ಒಳ್ಳೆಯದು.

ಹಿತ್ತಲಿನ ಹೊಸ ಭಾಗಕ್ಕೆ ನಿಮ್ಮ ತಮ್ಮ ಖರ್ಚು ಮಾಡಬೇಕಾದದ್ದು ಪಾಯಕ್ಕೆ. ನಿಮ್ಮ ಕಡೆಯ ಎರೆ ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುವ ಮಣ್ಣು. ಮೂರಡಿ ಅಗೆದು ಕಲ್ಲು ತುಂಬಿದ ಪಾಯದ ಮೇಲಿನ ಆರ್‌ಸಿಸಿ ಮನೆಗಳು ಐದೇ ವರ್ಷಕ್ಕೆ ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳಿರುವುದನ್ನು ನವಲಗುಂದ, ಗದಗ ರಸ್ತೆಯ ಯಾವ ಊರಿನಲ್ಲೂ ನೋಡಬಹುದು. ಇದಕ್ಕೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಅಂಡರ್‌ರೀಮ್ಡ್ ಪೈಲ್ ಎಂಬ ಪದ್ಧತಿ ಇದೆ. ಭೂಮಿಯಲ್ಲಿ ಕನಿಷ್ಠ 3.5 ಮೀಟರ್ ಆಳಕ್ಕೆ ಕಾಂಕ್ರೀಟ್ ಗೂಟ, ಅದರ ಬುಡದಲ್ಲಿ ಗೂಟದ ದಪ್ಪಕ್ಕಿಂತ ಸುಮಾರು ಎರಡೂವರೆ ಪಟ್ಟು ಅಗಲದ ಉಬ್ಬು. ಮೇಲಿನ ಮಣ್ಣು ಏನೇ ಕುಣಿದರೂ ಕೆಳಗಿನ ಉಬ್ಬು ಅಲುಗುವುದಿಲ್ಲ. ಗೂಟಗಳನ್ನು ಜೋಡಿಸುವ ತೊಲೆಯ ಕೆಳಗೆ ಮೂರು ಇಂಚು ಟೊಳ್ಳು ಬಿಡಬೇಕು, ಇಲ್ಲದಿದ್ದರೆ ಉಬ್ಬಿದ ಎರೆ ತೊಲೆಯನ್ನೇ ಎತ್ತುತ್ತದೆ. ಬಚ್ಚಲು, ಪಾಯಖಾನೆ, ನೀರಿನ ಟಾಕಿ ಎಲ್ಲ ಈ ಹೊಸ ಭಾಗದಲ್ಲೇ ಇರಲಿ. ಮಣ್ಣಿನ ಮನೆಯೊಳಗೆ ನಳ ಎಳೆಯಬೇಡಿ. ಹಳೆಯ ಗೋಡೆಗೂ ಹೊಸ ಗೋಡೆಗೂ ನಡುವೆ ಎರಡು ಇಂಚು ಸಂದು ಬಿಟ್ಟು ಮೇಲೆ ತಗಡಿನ ಪಟ್ಟಿ ಮುಚ್ಚಿಸಿ, ಎರಡೂ ತಮ್ಮ ಪಾಡಿಗೆ ಅಲುಗಲಿ.

ಕೆಲಸಕ್ಕೆ ಕೈ ಹಾಕುವ ಮುಂಚೆ ಉತಾರ (ಮನೆಯ ಹಕ್ಕಿನ ದಾಖಲೆ) ನೋಡಿ. ಅಜ್ಜನ ಹೆಸರಲ್ಲೇ ಇದ್ದರೆ ವಾರಸಾ ಮಾಡಿಸಿ, ಅಂದರೆ ವಾರಸುದಾರರ ಹೆಸರಿಗೆ ಬದಲಿಸಿ, ಪಂಚಾಯಿತಿಯಲ್ಲಿ ಇ-ಸ್ವತ್ತು ದಾಖಲೆ ಪಡೆಯಿರಿ, ಅದಿಲ್ಲದೆ ಬ್ಯಾಂಕಿನ ಸಾಲದ ಮಾತೇ ಇಲ್ಲ. ಅಪ್ಪನ ಪಾಲಿನಲ್ಲಿ ಅವ್ವನಿಗೂ ಹಾವೇರಿಯ ತಂಗಿಗೂ ಹಕ್ಕಿದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ನಂತರ ಹಿರಿಯರ ಆಸ್ತಿಯಲ್ಲೂ ಮಗಳು ಮಗನ ಸಮ. "ಲಗ್ನಾಗಿ ಹೋಗ್ಯಾಳ, ಆಕಿ ಸಹಿ ಯಾಕ" ಎನ್ನುವ ಮಾತನ್ನು ನಂಬಿ ಕಟ್ಟಿದ ಗೋಡೆಗಳು ಕೋರ್ಟಿನಲ್ಲಿ ನಿಂತಿರುವುದನ್ನು ಕಂಡಿದ್ದೇನೆ. ಅವ್ವನೂ ಸೇರಿ ನಾಲ್ವರೂ ಕೂತು ಯಾವ ಭಾಗ ಯಾರದೆಂದು ಮಾತಾಡಿ ವಾಟ್ನಿ (ಪಾಲು) ಪತ್ರ ನೋಂದಾಯಿಸಿಕೊಳ್ಳಿ, ವಕೀಲರನ್ನು ಒಮ್ಮೆ ಕೇಳಿ.

ಇನ್ನು ಹಗೇವು. ಇದಕ್ಕೆ ಎರಡು ಮಾತು ಹೆಚ್ಚೇ ಬರೆಯುತ್ತೇನೆ, ಯಾಕೆಂದರೆ ಇದರಲ್ಲಿ ಜೀವ ಹೋಗುತ್ತದೆ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟೇ ಬಾಯಿ, ಕೆಳಗೆ ಗಡಿಗೆಯ ಹಾಗೆ ಅಗಲವಾಗುವ ಹೊಟ್ಟೆ. ಜೋಳ ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಗಾಳಿಯನ್ನು ಕಾಳೇ ಉಸಿರಾಡಿ ಮುಗಿಸುತ್ತದೆ. ಗಾಳಿಯಿಲ್ಲದ ಮೇಲೆ ಹುಳಕ್ಕೆ ಬದುಕಿಲ್ಲ, ಕಾಳು ವರ್ಷಗಟ್ಟಲೆ ಕೆಡುವುದಿಲ್ಲ. ಅದೇ ಕಾರಣಕ್ಕೆ ಮುಚ್ಚಿದ ಹಗೇವಿಗೆ ತಟ್ಟನೆ ಇಳಿದ ಮನುಷ್ಯನೂ ಬದುಕುವುದಿಲ್ಲ, ಅವನನ್ನು ಎತ್ತಲು ಇಳಿದ ಎರಡನೆಯವನೂ ಬದುಕುವುದಿಲ್ಲ. ನಮ್ಮ ಕಡೆ ಇಂಥ ಸಾವುಗಳು ಆಗಿವೆ. ಹಿರಿಯರು ಕಲ್ಲು ಸರಿಸಿ ದಿನವಿಡೀ ಬಾಯಿ ತೆರೆದಿಟ್ಟು, ದೀಪ ಇಳಿಬಿಟ್ಟು, ಅದು ಆರದಿದ್ದರೆ ಮಾತ್ರ ಇಳಿಯುತ್ತಿದ್ದರು. ನೀವು ಇಳಿಯಲೇಬೇಡಿ, ಯಾವ ಕೂಲಿಯವರನ್ನೂ ಇಳಿಸಬೇಡಿ. ಮೇಲಿನಿಂದಲೇ ಕೋಲು ಬಿಟ್ಟು ಆಳ ಅಳೆಯಬಹುದು, ಫೋನಿಗೆ ಹಗ್ಗ ಕಟ್ಟಿ ಇಳಿಬಿಟ್ಟು ವಿಡಿಯೋ ತೆಗೆಯಬಹುದು.

ಗಾಜು ಮುಚ್ಚುವ ಮಾತು ಫೋಟೋದಲ್ಲಷ್ಟೇ ಚೆಂದ. ಎರೆಭೂಮಿಯ ಹಗೇವಿನಲ್ಲಿ ಮಳೆಗಾಲವೆಲ್ಲ ತೇವ ಇರುತ್ತದೆ. ಗಾಜಿನ ಕೆಳಮೈಯಲ್ಲಿ ಅದು ಹನಿಗಟ್ಟುತ್ತದೆ, ಲೈಟ್ ಹಾಕಿದರೆ ಪಾಚಿ ಬೆಳೆಯುತ್ತದೆ, ತಿಂಗಳೊಳಗೆ ಮಬ್ಬು ಗಾಜಿನ ಹೊರತು ಏನೂ ಕಾಣದು. ಅದಕ್ಕಿಂತ ದೊಡ್ಡ ಕಾರಣ ಬೇರೆ ಇದೆ. ನಿಮ್ಮ ಫೋಟೋದಲ್ಲಿ ಹಗೇವಿನ ಬಾಯಿ ಎರಡನೆಯ ಕಂಬದಿಂದ ನಾಲ್ಕೇ ಅಡಿ ದೂರದಲ್ಲಿದೆ, ಕೆಳಗೆ ಹೊಟ್ಟೆ ಅಗಲವಾಗಿರುವುದರಿಂದ ಕಂಬದ ಅಡಿಗಲ್ಲು ಹೆಚ್ಚು ಕಡಿಮೆ ಟೊಳ್ಳಿನ ಮೇಲೇ ಕೂತಿದೆ. ಕಾಳು ತುಂಬಿದ್ದಾಗ ಆ ಕಾಳೇ ಸುತ್ತಲಿನ ಮಣ್ಣಿಗೆ ಆಸರೆಯಾಗಿತ್ತು, ಈಗ ಖಾಲಿ. ಗರಸು ಮಣ್ಣು ತಂದು ಒಂದೊಂದು ಅಡಿ ಸುರಿದು, ತುಸು ನೀರು ಚಿಮುಕಿಸಿ, ಉದ್ದ ಕೋಲಿನಿಂದ ಬಡಿದು ತುಂಬಿಸಿ. ಮೇಲೆ ಒಂದು ಮೊಳ ಹಾಗೇ ಬಿಡಿ. ಬಾಯಿಗೆ ಇರುವ ಕಲ್ಲಿನ ಚೌಕಟ್ಟು, ಹಾಸುಗಲ್ಲು ಎರಡೂ ಇದ್ದ ಜಾಗದಲ್ಲೇ ಉಳಿಯಲಿ. ಆ ಒಂದು ಮೊಳದ ಗುಂಡಿಯಲ್ಲಿ ಅವ್ವ ಬೀಜದ ಜೋಳದ ಗಡಿಗೆ ಇಡಬಹುದು, ಮೊಮ್ಮಕ್ಕಳಿಗೆ ಕಲ್ಲು ಸರಿಸಿ ತೋರಿಸಬಹುದು.

ಒಳಗಿನ ಅಲಂಕಾರದ ಬಗ್ಗೆ ಕೇಳಿದ್ದೀರಿ. ಮೊದಲು ಪಡಸಾಲೆಯ ನಡುವೆ ಕೂತು ಮೇಲೆ ನೋಡಿ. ಕಂಬದ ತಲೆಯಲ್ಲಿ ತೊಲೆಯನ್ನು ಹೊತ್ತ ಕೆತ್ತನೆಯ ಅಡ್ಡತುಂಡಿಗೆ ಬೋದಿಗೆ ಅನ್ನುತ್ತಾರೆ. ಅಣ್ಣಿಗೇರಿಯ ಅಮೃತೇಶ್ವರ ಗುಡಿಗೆ ಹೋದಾಗ ಅಲ್ಲಿಯ 76 ಕಂಬಗಳ ತಲೆಯನ್ನೂ ನೋಡಿ. ಅಲ್ಲೂ ಅದೇ ಬೋದಿಗೆ, ಅದೇ ಹೆಸರು, ಅದೇ ಕೆಲಸ. ಕಲ್ಯಾಣ ಚಾಲುಕ್ಯರ ಕಲ್ಲುಕುಟಿಗರು ಕಲ್ಲಿನಲ್ಲಿ ಮಾಡಿದ್ದನ್ನು ನಿಮ್ಮ ಅಜ್ಜನ ಬಡಿಗ ಸಾಗವಾನಿಯಲ್ಲಿ ಮಾಡಿದ್ದಾನೆ. ಇಂಥ ಚಾವಣಿಗೆ ಫಾಲ್ಸ್ ಸೀಲಿಂಗ್ ಹೊದಿಸುವುದನ್ನು ನಾನು ಎಂದಿಗೂ ಒಪ್ಪಲಾರೆ.

ಕಂಬಗಳಿಗೆ ಬಳಿದ ಎಣ್ಣೆ ಬಣ್ಣವನ್ನು ತಾಳ್ಮೆಯಿಂದ ಕೆರೆದು ತೆಗೆಸಿ. ಆಮೇಲೆ ವಾರ್ನಿಶ್ ಬೇಡ, ಅಗಸಿ ಎಣ್ಣೆ ಸಾಕು. ಬಟ್ಟೆಯಲ್ಲಿ ತೆಳ್ಳಗೆ ಉಜ್ಜಿ, ಅರ್ಧ ಗಂಟೆ ಬಿಟ್ಟು ಉಳಿದದ್ದನ್ನು ಒರೆಸಿಬಿಡಿ, ನಾಲ್ಕು ದಿನ ಬಿಟ್ಟು ಮತ್ತೊಮ್ಮೆ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸಿ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಲ್ಲಿ ಆ ಬಿಸಿ ಸಿಕ್ಕಿಕೊಂಡು ತಾನಾಗಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಬಿಡಿಸಿ ಹರಡಿ ಒಣಗಿಸಿ. ಕಟ್ಟಿಗೆಯ ಮನೆಯಾದ್ದರಿಂದ ವೈರಿಂಗನ್ನೂ ಪೂರ್ತಿ ಹೊಸದಾಗಿ ಮಾಡಿಸಿ. ಗೋಡೆ ಕೊರೆಯದೆ ಮೇಲೆಯೇ ಪೈಪಿನಲ್ಲಿ ಎಳೆಯಲಿ, ಕರೆಂಟು ಸೋರಿದರೆ ತಾನೇ ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಕೂರಿಸದೆ ಮೀಟರ್ ಚಾಲೂ ಮಾಡಬೇಡಿ.

ದನ ಕಟ್ಟುವ ಜಾಗ ಪಡಸಾಲೆಗಿಂತ ಎರಡೂವರೆ ಅಡಿ ತಗ್ಗಿದೆಯಲ್ಲ, ಅದನ್ನು ಗರಸು ತುಂಬಿ ಸಮ ಮಾಡಲು ಎಲ್ಲರೂ ಹೇಳುತ್ತಾರೆ. ಮಾಡಬೇಡಿ. ತುಂಬಿದ ದಿನವೇ ಆ ಸಾಲಿನ ಕಂಬಗಳ ಬುಡ ಮಣ್ಣಿನಲ್ಲಿ ಹೂತು ಕೊಳೆಯಲು ಶುರುವಾಗುತ್ತದೆ. ಅಲ್ಲದೆ ಈ ಮನೆಯ ಸೊಗಸೆಲ್ಲ ಆ ಏರುತಗ್ಗಿನಲ್ಲಿದೆ. ತಗ್ಗಿನ ಭಾಗಕ್ಕೆ ಶಹಾಬಾದ ಫರ್ಸಿ ಹಾಸಿ, ಪಡಸಾಲೆಯ ಅಂಚೇ ಕೂರುವ ಕಟ್ಟೆಯಾಗುತ್ತದೆ, ಸೋಫಾ ಬೇಕೇ ಆಗುವುದಿಲ್ಲ. ದನದ ಮೇವಿನ ಗ್ವಾದಲಿಯನ್ನು ಕೀಳದೆ ತೊಳೆದು ಪುಸ್ತಕ ಇಡಿ. ಅವ್ವನ ಮೊಣಕಾಲಿಗೆ ಒಂದು ಬದಿಯಲ್ಲಿ ಐದೈದು ಇಂಚಿನ ಮೆಟ್ಟಿಲು, ಹಿಡಿಯಲು ಕಟ್ಟಿಗೆಯ ಕಟಾಂಜನ. ಹೊಳೆಯುವ ಟೈಲ್ಸ್ ಬೇಡವೇ ಬೇಡ, ಮಣ್ಣಿನ ಮನೆಯಲ್ಲಿ ಅದರ ಕೆಳಗಿನ ತೇವವೆಲ್ಲ ಗೋಡೆಗೆ ಏರುತ್ತದೆ, ಒದ್ದೆ ಕಾಲಿನ ಮುದುಕರು ಜಾರುತ್ತಾರೆ.

ಬಣ್ಣ ಅಂದರೆ ಸುಣ್ಣ, ಕೆಳಗೆ ಒಂದು ಮೊಳ ಎತ್ತರಕ್ಕೆ ಹುರಮಂಜಿನ (ಕೆಮ್ಮಣ್ಣಿನ) ಪಟ್ಟಿ. ಗೋಡೆಯ ಮಾಡಗಳಲ್ಲಿ ಎಲ್ಲದಕ್ಕೂ ದೀಪ ಇಡಬೇಡಿ, ಎರಡಕ್ಕೆ ಸಾಕು, 2700 ಕೆಲ್ವಿನ್ನಿನ ಹಳದಿ ಬೆಳಕಿನ ಮೂರು ವಾಟಿನ ಬಲ್ಬು. ನೆಲಕ್ಕೆ ನವಲಗುಂದದ ಜಮಖಾನೆ ತನ್ನಿ. ನಿಮ್ಮ ಊರಿಂದ ಹತ್ತಿರವೇ, ಹೆಂಗಸರು ಮಗ್ಗದಲ್ಲಿ ಕೂತು ನವಿಲು, ಪಗಡೆಯ ಚೌಕ ಎತ್ತಿ ನೇಯುವ ಹತ್ತಿಯ ಹಾಸು ಅದು, ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು. ಈಗ ನೇಯುವ ಕೈಗಳು ಬಹಳ ಕಡಿಮೆಯಾಗಿವೆ. ಪೇಟೆಯ ಯಂತ್ರದ ಕಾರ್ಪೆಟ್ಟಿಗೆ ಕೊಡುವ ಹಣವನ್ನು ಅವರಿಗೆ ಕೊಟ್ಟರೆ ನನಗೆ ಸಂತೋಷ. ಅವ್ವನ ಪೆಟ್ಟಿಗೆಯಲ್ಲಿ ಕಸೂತಿಯ ಇಳಕಲ್ ಸೀರೆ ಹರಿದು ಬಿದ್ದಿದ್ದರೆ ಗೋಪುರ, ತೇರು, ಆನೆ ಇರುವ ಸೆರಗಿನ ತುಂಡನ್ನು ಚೌಕಟ್ಟಿನಲ್ಲಿ ಹಾಕಿಸಿ, ಉಳಿದದ್ದನ್ನು ಕೌದಿಗೆ ಹೊಲಿಸಿ. ಚೌಕಟ್ಟನ್ನು ಬೆಳಕಿಂಡಿಯ ಎದುರು ಹಾಕಬೇಡಿ, ಬಿಸಿಲಿಗೆ ದಾರದ ಬಣ್ಣ ಹಾರುತ್ತದೆ.

ಆ ಬೆಳಕಿಂಡಿಯನ್ನು ಮುಚ್ಚಿಸಿಬಿಡಿ ಎಂದೂ ಯಾರಾದರೂ ಹೇಳುತ್ತಾರೆ. ಮಳೆ ಬಂದಾಗಲೆಲ್ಲ ಮೇಲೆ ಹತ್ತಿ ಕಲ್ಲು ಸರಿಸುವ ಕಷ್ಟ ಅವ್ವನಿಗೆ ಗೊತ್ತು. ಸುತ್ತ ಆರು ಇಂಚು ಕಟ್ಟೆ ಎತ್ತಿಸಿ ಬದಿಗೆ ಜಾಲರಿ ಬಿಡಿ, ಒಲೆಯ ಹೊಗೆ, ಬಿಸಿ ಗಾಳಿ ಹೋಗಲಿ. ಮೇಲಿನ ತಗಡಿನಲ್ಲಿ ಸರಿಯಾಗಿ ಆ ಜಾಗಕ್ಕೆ ಪಾರದರ್ಶಕ ಹಾಳೆ ಹಾಕಿಸಿ. ನಿಮ್ಮ ಒಂದು ಫೋಟೋದಲ್ಲಿ ಅವ್ವ ಕಂಬಕ್ಕೆ ಒರಗಿ ಅಕ್ಕಿ ಆರಿಸುತ್ತಿದ್ದಾರೆ, ಬೆಳಕಿಂಡಿಯ ಬೆಳಕು ನೇರ ಮೊರದ ಮೇಲೆ ಬಿದ್ದಿದೆ, ಮನೆಯ ಉಳಿದದ್ದೆಲ್ಲ ತಂಪು ಕತ್ತಲು. ಹೊತ್ತು ಸರಿದಂತೆ ಆ ಬೆಳಕೂ ಸರಿಯುತ್ತದೆ, ಅವರೂ ಅದರ ಜೊತೆ ಸರಿದು ಕೂರುತ್ತಾರೆ ಎಂದು ಫೋಟೋದ ಕೆಳಗೆ ನೀವು ಬರೆದಿದ್ದಿರಿ. ಆ ಜಾಗದಲ್ಲಿ ಯಾವ ಸಾಮಾನನ್ನೂ ಇಡಬೇಡಿ.

ನಿಮ್ಮ ತಮ್ಮನನ್ನು ಒಪ್ಪಿಸಲು ವಾದಕ್ಕಿಂತ ಒಂದು ಭಾನುವಾರ ಸಾಕು. ಹಾವೇರಿಯ ತಂಗಿಯ ಮನೆಗೆ ಹೋಗುವಾಗ ಶಿಗ್ಗಾವಿ ಹತ್ತಿರ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ನಿನಲ್ಲಿ ಇಳಿಯಿರಿ. ಕಲಾವಿದ ದಿವಂಗತ ಟಿ.ಬಿ. ಸೊಲಬಕ್ಕನವರ ಅವರು ಅಲ್ಲಿ ನಮ್ಮ ಕಡೆಯ ಹಳ್ಳಿಮನೆಗಳನ್ನು, ಅದರೊಳಗಿನ ಜನರನ್ನು ಸಮೇತ, ಆಳೆತ್ತರಕ್ಕೆ ನಿಲ್ಲಿಸಿದ್ದಾರೆ. ಊರೂರಿಂದ ಜನ ಟಿಕೆಟ್ ತೆಗೆದುಕೊಂಡು ಅದನ್ನು ನೋಡಲು ಬರುತ್ತಾರೆ. ನಿಮ್ಮ ತಮ್ಮ ಅದನ್ನೇ ನಾಳೆ ಹಾರೆಯಿಂದ ಕೆಡಹಲು ಹೊರಟಿದ್ದಾರೆ ಎಂದು ಅಲ್ಲಿ ನಿಂತಾಗ ನೀವು ಹೇಳಬೇಕಾಗುವುದಿಲ್ಲ.

ಕೊನೆಗೆ ಕೆಲಸದ ಮಾತು. ಮಾಳಿಗೆ ಇಳಿಸುವಾಗ ಗೌಂಡಿಗೆ ಮೊದಲೇ ಹೇಳಿ, ಮೇಲಿನ ಕಪ್ಪು ಮಣ್ಣು ಬೇರೆ, ಅದರಡಿಯ ಬಿಳಿಚು ಸವಳು ಬೇರೆ ರಾಶಿ ಹಾಕಬೇಕು. ಕಪ್ಪು ಮಣ್ಣು ಹೊಲಕ್ಕೆ ಹೋಗಲಿ. ಸವಳಿನ ರಾಶಿಗೆ ಅದೇ ದಿನ ತಾಡಪತ್ರಿ ಮುಚ್ಚಿ ಕಲ್ಲು ಹೇರಿ, ಜಂತಿ ಬದಲಿಸಿದ ಮೇಲೆ ತಿರುಗಿ ಮಾಳಿಗೆ ಏರಬೇಕಾದದ್ದು ಅದೇ. ಎಲ್ಲ ಯುಗಾದಿಯೊಳಗೆ ಮುಗಿಯಬೇಕು, ಆಮೇಲೆ ಅಡ್ಡಮಳೆ ಯಾವ ಸಂಜೆ ಬರುತ್ತದೋ ಹೇಳಲಾಗದು. ತೊಲೆಯ ತುದಿಗಳ ಫೋಟೋ, ಸುಣ್ಣದ ಪಟ್ಟಿಯ ಫೋಟೋ ಎರಡನ್ನೂ ಕಳಿಸಿ, ನೋಡಿ ಮುಂದಿನದನ್ನು ಬರೆಯುತ್ತೇನೆ.